ಪೆರು ಕಡೆಯ ಸಮುದ್ರ, ನಮ್ಮ ಹಸಿ ಇಟ್ಟಿಗೆ

ಹೋದ ವಾರ ಜಮೈಕಾ ಅನ್ನುವ ಯಾವುದೋ ದ್ವೀಪದ ಮೇಲೆ ಭಾರೀ ಹರಿಕೇನ್ ಬಿರುಗಾಳಿ ಬಿದ್ದಿತಂತೆ. ನನ್ನ ತಮ್ಮ ಸಂಜೀವಯ್ಯ ಪೇಪರ್ ಹಿಡಿದುಕೊಂಡು ಬಂದ. ನಾನು ಜಗಲಿಯ ಮೇಲೆ ಊದುಬತ್ತಿ ಹೊಸೆಯುತ್ತಾ ಕೂತಿದ್ದೆ. ನನ್ನ ಮಣೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಫೋಟೊ ತೋರಿಸಿದ. ಸೂರು ಹಾರಿಹೋದ ಮನೆಗಳು, ಬುಡಮೇಲಾದ ತೆಂಗಿನ ಮರಗಳು, ತಲೆಯ ಮೇಲೆ ಗಂಟು ಹೊತ್ತು ನೀರಿನಲ್ಲಿ ನಿಂತ ಒಬ್ಬ ಹೆಂಗಸು. ಅವಳ ಮೈಬಣ್ಣ ನಮ್ಮ ಕೇರಿಯವರದೇ.

"ಹೋದ ವರ್ಷ ಆ ಕಡೆ ಹೆಚ್ಚು ಸದ್ದೇ ಇರ್ಲಿಲ್ಲ. ಈ ವರ್ಷ ನೋಡು. ಪೆರು ಕಡೆ ಸಮುದ್ರ ತಣ್ಣಗಾಯ್ತು, ಈ ದ್ವೀಪದ ಕಡೆ ಹರಿಕೇನ್ ತಲೆ ಎತ್ತಿದವು. ನಾನು ಮೇ ತಿಂಗಳಲ್ಲೇ ಹೇಳಿದ್ದೆ ಅಲ್ವಾ ಅಕ್ಕ, ಸಮುದ್ರ ತಿರುಗ್ತಾ ಇದೆ ಅಂತ?"

"ಹೇಳಿದ್ದೆ ಕಣೋ. ಯಾರು ಕೇಳಿದ್ರು?" ಅಂದೆ.

ಅವನು ಪೇಪರ್ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಎದ್ದುಹೋದ. ನನಗೆ ರೇಗಿದ್ದು ಅವನ ಮೇಲಲ್ಲ. ಯಾರ ಮೇಲೆ ರೇಗಬೇಕೋ ಅವರಿಗೆ ಅದು ತಟ್ಟುವುದಿಲ್ಲ, ಅದಕ್ಕೇ ಹತ್ತಿರದಲ್ಲಿದ್ದವನ ಮೇಲೆ ಹಾಯುತ್ತೇನೆ. ಕೇರಿಯಲ್ಲಿ ನನ್ನನ್ನು ಬಾಯಿಬಡುಕಿ ರುದ್ರಮ್ಮ ಅನ್ನುತ್ತಾರೆ. ಅನ್ನಲಿ. ಸುಮ್ಮನಿದ್ದವರಿಗೆಲ್ಲ ಏನು ಸಿಕ್ಕಿದೆ ಅನ್ನುವುದನ್ನೂ ನೋಡಿದ್ದೇನೆ.

ಹೊಸಕೆರೆಹಳ್ಳಿ ದಾಟಿ ಉತ್ತರಹಳ್ಳಿಯ ಕಡೆಗೆ ಹೋಗುವಾಗ ಎಡಕ್ಕೆ ನಮ್ಮ ಊರು. ಊರಿಗೊಂದು ಕೆರೆ, ಕೆರೆಯ ಏರಿಯ ಆಚೆ ಊರಿನವರ ಮನೆಗಳು, ಈಚೆ ನಮ್ಮ ಕೇರಿ. ಬನಶಂಕರಿಯ ಲೇಔಟು ಬಂದ ಮೇಲೆ ಊರಿನ ಗೌಡರು ಹೊಲ ಕೊಟ್ಟು ಬಾಡಿಗೆ ಮನೆ ಕಟ್ಟಿಸಿದರು, ಮೋಟಾರ್ ಸೈಕಲ್ ತಗೊಂಡರು. ನಾವು ಆ ಮನೆಗಳಿಗೆ ಇಟ್ಟಿಗೆ ಹೊತ್ತೆವು. ಬಸ್ಸು ಬಂತು, ಕರೆಂಟು ಬಂತು, ಆಂಜನೇಯನ ಗುಡಿಗೆ ಗ್ರಾನೈಟು ಬಂತು. ಗುಡಿಯ ಮೆಟ್ಟಿಲ ಕೆಳಗೆ ನಾವು ನಿಲ್ಲುವ ಜಾಗ ಮಾತ್ರ ಅಲ್ಲೇ ಇತ್ತು. ನಾನು ಹೊಸೆದ ಊದುಬತ್ತಿ ಒಳಗೆ ಹೋಗಿ ದೇವರ ಮುಂದೆ ಉರಿಯುತ್ತಿತ್ತು, ನಾನು ದೀಪದ ಕಂಬದ ಈಚೆಗೇ.

ಯುಗಾದಿಯ ಸಂಜೆ ಜೋಯಿಸರು ಗುಡಿಯ ಜಗಲಿಯ ಮೇಲೆ ಕೂತು ಪಂಚಾಂಗ ಓದುತ್ತಿದ್ದರು. ಈ ವರ್ಷ ಇಷ್ಟು ಕೊಳಗ ಮಳೆ, ಅದರಲ್ಲಿ ಸಮುದ್ರಕ್ಕೆ ಹತ್ತು ಪಾಲು, ಬೆಟ್ಟಕ್ಕೆ ಆರು ಪಾಲು, ಭೂಮಿಗೆ ನಾಲ್ಕು ಪಾಲು. ಪ್ರತಿ ವರ್ಷ ಕೊಳಗ ಬದಲಾಗುತ್ತಿತ್ತು, ಪಾಲು ಬದಲಾಗುತ್ತಿರಲಿಲ್ಲ. ಸಂಜೀವ ಚಿಕ್ಕವನಿದ್ದಾಗ ಒಂದು ಸಲ ಕಂಬದ ಹತ್ತಿರದಿಂದಲೇ ಕೂಗಿ ಕೇಳಿದ್ದ, ಸಮುದ್ರದಲ್ಲಿ ಮೊದಲೇ ನೀರಿದೆಯಲ್ಲ, ಅದಕ್ಕೆ ಯಾಕೆ ಅಷ್ಟು ದೊಡ್ಡ ಪಾಲು ಎಂದು. ಜಗಲಿಯ ಮೇಲಿದ್ದವರೆಲ್ಲ ನಕ್ಕರು. ಜೋಯಿಸರೂ ನಕ್ಕು, "ಅಲ್ಲೇ ನಿಂತ್ಕೊಂಡು ಕೇಳು, ಮುಂದೆ ಬರ್ಬೇಡ" ಎಂದರು. ಅವನು ಸಮುದ್ರದ ಬೆನ್ನು ಹತ್ತಿದ್ದು ಅವತ್ತಿನಿಂದ ಎಂದೇ ನನಗೆ ಅನ್ನಿಸುತ್ತದೆ. ನಾನು ಶಾಲೆ ಬಿಟ್ಟು ಮಣೆ ಹಿಡಿದೆ, ಅವನು ಓದಿದ. ಭೂಗೋಳದಲ್ಲಿ ಎಂ.ಎ. ಮಾಡಿ ಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್ ಆದ. ನಮ್ಮ ಕೇರಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ.

ಎಂಬತ್ತೊಂದರಲ್ಲಿ ನಮ್ಮ ಕೇರಿಯವರು ಬೌದ್ಧ ದೀಕ್ಷೆ ತಗೊಂಡೆವು. ಅದಕ್ಕೂ ಮುಂದೆ ನಿಂತವನು ಸಂಜೀವನೇ. ಗೋಡೆಯ ಮೇಲಿನ ದೇವರ ಪಟಗಳು ಇಳಿದವು. ಮದುವೆಗೆ ಮುಹೂರ್ತ ನೋಡುವುದು ನಿಂತಿತು, ಭಾನುವಾರ ನೋಡಿದರೆ ಸಾಕು ಎಂದಾಯಿತು. ಯುಗಾದಿಯ ಸಂಜೆ ಮೆಟ್ಟಿಲ ಕೆಳಗೆ ಹೋಗಿ ನಿಲ್ಲುವುದೂ ನಿಂತಿತು. ನನಗೆ ಎಲ್ಲಕ್ಕಿಂತ ಸಂತೋಷವಾದದ್ದು ಈ ಕೊನೆಯದಕ್ಕೆ. ನಮ್ಮವ್ವ ಯಲ್ಲಮ್ಮನೂ ಮೂರು ಶರಣು ಹೇಳಿದಳು. ಆದರೆ ಯುಗಾದಿ ದಿನ ಹೊತ್ತಿಳಿದರೆ ಹೊಸ್ತಿಲ ಮೇಲೆ ಕೂತು ಗುಡಿಯ ಕಡೆಗೆ ಕಿವಿ ಕೊಡುತ್ತಿದ್ದಳು. ಕೇಳಿದರೆ ಗಾಳಿಗೆ ಕೂತಿದ್ದೇನೆ ಅನ್ನುತ್ತಿದ್ದಳು.

ನಮಗೆ ಬೇಕಾಗಿದ್ದುದು ಒಂದು ವಿಹಾರ. ನಾಲ್ಕು ಗೋಡೆ, ಮೇಲೊಂದು ಸೂರು, ಮಳೆ ಬಂದರೂ ಮದುವೆ ಮಾಡಬಹುದಾದ, ಸತ್ತವರಿಗೆ ದೀಪ ಹಚ್ಚಬಹುದಾದ ಜಾಗ. ಊರಿನ ಛತ್ರವನ್ನು ನಮಗೆ ಕೊಡುತ್ತಿರಲಿಲ್ಲ. ಕೇಳಿದಾಗಲೆಲ್ಲ ಸುಣ್ಣ ಹೊಡೆಸುತ್ತಿದ್ದೇವೆ ಅನ್ನುತ್ತಿದ್ದರು. ಆ ಛತ್ರಕ್ಕೆ ಹೊಡೆದಷ್ಟು ಸುಣ್ಣ ಬೆಂಗಳೂರಿನಲ್ಲಿ ಇನ್ಯಾವ ಗೋಡೆಗೂ ಹೊಡೆದಿರಲಾರರು. ಕೇರಿಯ ಕೊನೆಯಲ್ಲಿ ನಮ್ಮದೇ ಜಾಗವಿತ್ತು. ಬೇರೆಯವರ ಮನೆಗೆ ಇಟ್ಟಿಗೆ ಮಾಡಿ ಮಾಡಿ ಕೈ ಸವೆಸಿಕೊಂಡ ಉಗ್ರಪ್ಪಣ್ಣ ಇದ್ದ. ಇಲ್ಲದಿದ್ದದ್ದು ಮಣ್ಣು.

ಎಂಬತ್ತೇಳರಲ್ಲಿ ಮುಂಗಾರು ಕೈಕೊಟ್ಟಿತು. ಕೆರೆ ಬತ್ತಿ ತಳ ಬಿರಿಯಿತು. ಕೆರೆಯ ಅಂಚಿನಲ್ಲಿ ಹೊಲ ಇದ್ದ ಬೈರಣ್ಣ ಗೌಡರು ಒಂದು ದಿನ ಮೋಟಾರ್ ಸೈಕಲ್ ನಿಲ್ಲಿಸಿ ಉಗ್ರಪ್ಪಣ್ಣನಿಗೆ ಹೇಳಿದರು.

"ಹೂಳು ಎತ್ಕೊಂಡು ಹೋಗ್ರಪ್ಪ. ನಿಮಗೆ ಇಟ್ಟಿಗೆ ಆಯ್ತದೆ, ಕೆರೆಗೆ ಆಳ ಆಯ್ತದೆ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ."

ಆ ಮನುಷ್ಯ ಕೆಟ್ಟವನಲ್ಲ. ನಮ್ಮನ್ನು ಅಂಗಳದಲ್ಲಿ ಕೂರಿಸಿ ಲೋಟದಲ್ಲಿ ಕಾಫಿ ಕೊಡುತ್ತಾನೆ. ಆ ಲೋಟ ಬೇರೆಯದೇ ಇರುತ್ತದೆ, ಅಷ್ಟೆ.

ಆಗಸ್ಟಿನಿಂದ ಕೇರಿಗೆ ಕೇರಿಯೇ ಕೆರೆಗಿಳಿಯಿತು. ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ ಹೋದವರು ಸಂಜೆ ಬಂದು ಮಣ್ಣು ತುಳಿಯುತ್ತಿದ್ದರು. ಸಂಜೀವ ಮರದ ಅಚ್ಚಿನ ತಳದಲ್ಲಿ ತಾನೇ ಕೂತು ಧಮ್ಮಚಕ್ರ ಕೆತ್ತಿದ. ಅಚ್ಚು ಎತ್ತಿದರೆ ಪ್ರತಿ ಇಟ್ಟಿಗೆಯ ಎದೆಯ ಮೇಲೂ ಒಂದು ಚಕ್ರ. ಸಾಲುಸಾಲಾಗಿ ಬಿಸಿಲಿಗೆ ಒಣಗಲು ಇಟ್ಟಾಗ ನೋಡಲು ಕಣ್ಣು ಸಾಲುತ್ತಿರಲಿಲ್ಲ. ನನ್ನ ಕೈಯಲ್ಲಿ ಊದುಬತ್ತಿಯ ಮಸಾಲೆಯ ವಾಸನೆ ಹೋಗಿ ಕೆರೆ ಮಣ್ಣಿನ ವಾಸನೆ ಬಂತು. ಜೀವನದಲ್ಲಿ ಮೊದಲ ಸಲ ನಾನು ಹೊತ್ತ ಮಣ್ಣು ನನ್ನದಾಗಿತ್ತು.

ಅಕ್ಟೋಬರ್ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಇಟ್ಟಿಗೆ ಆಗಿತ್ತು. ಹೊಂಗೆ ಮರದ ಕೆಳಗೆ ಕೇರಿಯವರೆಲ್ಲ ಸೇರಿದರು. ಇದ್ದಷ್ಟನ್ನು ದೀಪಾವಳಿಗೆ ಮುಂಚೆ ಸುಟ್ಟುಬಿಡೋಣ, ಮಿಕ್ಕದ್ದಕ್ಕೆ ಆಮೇಲೆ ಇನ್ನೊಂದು ಗೂಡು ಹಾಕೋಣ ಎಂದ ಉಗ್ರಪ್ಪಣ್ಣ. ಹಾಗೆಂದು ಅವನಿಗೆ ಮಳೆ ಬರುತ್ತದೆ ಅನ್ನುವ ಖಾತ್ರಿಯೇನೂ ಇರಲಿಲ್ಲ. ಎಲ್ಲ ಗೂಡಿನವರೂ ಹಾಗೆ ಮಾಡುತ್ತಾರೆ, ಅವನೂ ಹಾಗೆಂದ.

"ಎರಡು ಗೂಡಿಗೆ ಎರಡು ಸಲ ಸೌದೆ ಎಲ್ಲಿಂದ ತರ್ತೀಯಾ ಉಗ್ರಪ್ಪಣ್ಣ?" ಎಂದ ಸಂಜೀವ. "ಎಲ್ಲಾ ಸೇರಿಸಿ ಒಂದೇ ಗೂಡು ಹಾಕೋಣ. ಡಿಸೆಂಬರ್ ಆರಕ್ಕೆ ಹಚ್ಚೋಣ. ಬಾಬಾಸಾಹೇಬರಿಗೆ ದೀಪ ಹಚ್ಚೋ ದಿನ ಅದು. ಆ ದೀಪದಿಂದಲೇ ನಮ್ಮ ಗೂಡಿಗೂ ಬೆಂಕಿ. ಯಾವ ಪಂಚಾಂಗದಲ್ಲೂ ಇಲ್ಲದ ದಿನ, ನಮ್ಮ ದಿನ."

ಎಲ್ಲರ ಮುಖ ಅರಳಿತು. ನನ್ನದೂ ಅರಳಿತು, ಸುಳ್ಳು ಯಾಕೆ ಹೇಳಲಿ.

"ಅಲ್ಲೀಗಂಟ ಮಳೆ ಬಂದ್ರೆ?" ಎಂದ ಉಗ್ರಪ್ಪಣ್ಣ.

ಆಗ ಸಂಜೀವ ಎದ್ದು ನಿಂತ. ಅವನು ಅದಕ್ಕೇ ಕಾಯುತ್ತಿದ್ದಂತಿತ್ತು. ಕ್ಲಾಸಿನಲ್ಲಿ ಹೇಗೆ ನಿಲ್ಲುತ್ತಾನೋ ಅವತ್ತು ನೋಡಿದೆ. ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಕೈ ಗಾಳಿಯಲ್ಲಿ.

"ಭೂಮಿಯ ಆ ಕಡೆ ಪೆರು ಅಂತ ಒಂದು ದೇಶ. ಅದರ ಮುಂದಿನ ಸಮುದ್ರ ಸಾಮಾನ್ಯವಾಗಿ ತಣ್ಣಗಿರುತ್ತೆ. ಕೆಲವು ವರ್ಷಕ್ಕೊಂದ್ಸಲ ಅದು ಬೆಚ್ಚಗಾಗುತ್ತೆ. ಅದಕ್ಕೆ ಎಲ್ ನಿನ್ಯೋ ಅಂತಾರೆ. ಈ ವರ್ಷ ಹಂಗೆ ಆಗಿದೆ. ಅದಕ್ಕೇ ನಮ್ಮ ಮುಂಗಾರು ಹೋಗಿದ್ದು."

"ಅಲ್ಲಿ ನೀರು ಬೆಚ್ಚಗಾದ್ರೆ ಇಲ್ಲಿ ಯಾಕಪ್ಪ ಮಳೆ ನಿಲ್ತದೆ?" ಎಂದಳು ಅವ್ವ.

"ಒಲೆ ಒಂದು ಮೂಲೇಲಿದ್ರೂ ಹೊಗೆ ಮನೆಯೆಲ್ಲ ತಿರುಗಲ್ವಾ ಅವ್ವ? ಸಮುದ್ರ ಅಂದ್ರೆ ಒಲೆ. ಬಿಸಿ ಜಾಗ ಬದಲಾದ್ರೆ ಗಾಳಿ ತಿರುಗೋ ದಾರಿನೂ ಬದಲಾಗುತ್ತೆ. ಆ ಕಡೆ ಗಾಳಿ ಮೇಲೆದ್ರೆ ಈ ಕಡೆ ಕೆಳಗಿಳಿಯುತ್ತೆ. ಇಳಿಯೋ ಗಾಳೀಲಿ ಮೋಡ ಕಟ್ಟಲ್ಲ."

ಅವ್ವನ ಮುಖದಲ್ಲಿ ಹೆಮ್ಮೆ ಉಕ್ಕಿತು. ಅರ್ಥವಾಯಿತೋ ಇಲ್ಲವೋ, ಮಗ ಒಲೆಯ ಮಾತಾಡಿದ್ದ.

"ಇನ್ನು ಕಾರ್ತೀಕದ ಮಳೆ" ಎಂದು ಮುಂದುವರಿಸಿದ. "ಅಟ್ಲಾಂಟಿಕ್ ಅಂತ ಇನ್ನೊಂದು ಸಮುದ್ರ ಇದೆ. ಅಲ್ಲಿ ಹರಿಕೇನ್ ಏಳ್ತವೆ. ಪೆರು ಕಡೆ ಬೆಚ್ಚಗಾದ ವರ್ಷ ಅಟ್ಲಾಂಟಿಕ್ ಮೇಲೆ ಎತ್ತರದ ಗಾಳಿ ಜೋರಾಗಿ ಬೀಸಿ, ಹರಿಕೇನ್ ತಲೆ ಎತ್ತೋಕೆ ಮುಂಚೆನೇ ಚದುರಿಸಿಬಿಡುತ್ತೆ. ಎಷ್ಟೋ ವರ್ಷದ ದಾಖಲೆ ನೋಡಿ ಬರೆದಿದ್ದಾರೆ, ನಮ್ಮ ಕಾಲೇಜಿಗೆ ಬರೋ ಜರ್ನಲ್‌ನಲ್ಲೇ ಇದೆ. ಹರಿಕೇನ್ ಅಂದ್ರೆ ಬೇರೇನೂ ಅಲ್ಲ, ನಮ್ಮ ಬಂಗಾಳ ಕೊಲ್ಲಿಯ ಸೈಕ್ಲೋನೇ, ಹೆಸರು ಬೇರೆ. ಬೆಂಗಳೂರಿಗೆ ಕಾರ್ತೀಕದಲ್ಲಿ ಜಡಿಮಳೆ ಬರೋದು ಆ ಸೈಕ್ಲೋನಿಂದ. ಸೈಕ್ಲೋನ್ ಏಳಲ್ಲ ಅಂದ್ಮೇಲೆ ಮಳೆ ಎಲ್ಲಿಂದ ಬರುತ್ತೆ?"

ಆ ಮಾತಿನಲ್ಲಿ ಮುಕ್ಕಾಲು ಪಾಲು ಜರ್ನಲ್ಲಿನದು. ಅಟ್ಲಾಂಟಿಕ್‌ನಿಂದ ಬಂಗಾಳ ಕೊಲ್ಲಿಗೆ ಹಾರಿದ ಕೊನೆಯ ಹಾರಾಟ ಮಾತ್ರ ಅವನದು. ನಮಗೆ ಅದು ಗೊತ್ತಾಗುವುದು ಹೇಗೆ? ಅಲ್ಲಿ ಕೂತಿದ್ದವರಲ್ಲಿ ಸಮುದ್ರವನ್ನು ಕಣ್ಣಿಂದ ಕಂಡವರೇ ಇರಲಿಲ್ಲ. ಅವನೂ ಕಂಡಿರಲಿಲ್ಲ.

ಉಗ್ರಪ್ಪಣ್ಣ ತಲೆ ಕೆರೆದುಕೊಂಡ. ಇಟ್ಟಿಗೆಗೆ ಹೊದಿಸಲೆಂದು ಅವನು ಒಂದು ಬಣವೆ ರಾಗಿ ಹುಲ್ಲು ಕೂಡಿಟ್ಟಿದ್ದ. ಆ ಬರದಲ್ಲಿ ಕೇರಿಯ ದನಗಳ ಪಕ್ಕೆಲುಬು ಎಣಿಸಬಹುದಿತ್ತು. ಆ ಹುಲ್ಲನ್ನು ದನಕ್ಕೆ ಹಾಕಿಬಿಡೋಣ, ಬಾರದ ಮಳೆಗೆ ಹೊದಿಸಿಟ್ಟು ಮೂಕಪ್ರಾಣಿಗಳನ್ನು ಯಾಕೆ ಉಪವಾಸ ಕೆಡವಬೇಕು ಎಂದ ಸಂಜೀವ. ಒಬ್ಬರೂ ಬೇಡ ಅನ್ನಲಿಲ್ಲ. ಹುಲ್ಲು ಹಂಚಿದೆವು. ದನಗಳು ತಿಂದವು. ಅವನ ತಪ್ಪಿನಲ್ಲೂ ಕರುಣೆ ಇತ್ತು ಎಂದು ಈಗ ಹೇಳಿದರೆ ಕೇರಿಯವರು ನನ್ನ ಮುಖ ನೋಡುತ್ತಾರೆ.

ಮಳೆ ಬಂದದ್ದು ನವೆಂಬರ್‌ನಲ್ಲಿ. ಆಂಧ್ರದ ಕರಾವಳಿಯಲ್ಲಿ ಸೈಕ್ಲೋನ್ ಎಂದು ರೇಡಿಯೊದಲ್ಲಿ ಬಂದಾಗ ಸಂಜೀವ, ಒಂದಾದರೂ ಏಳದೆ ಇರುತ್ತದೆಯೇ, ಅದು ಆ ಕಡೆಗೇ ಹೋಗುತ್ತದೆ ಎಂದ. ಅದು ಹೋಯಿತು. ಅದರ ಹಿಂದೆ ಇನ್ನೊಂದು ಎದ್ದಿತು. ಒಂದು ಮಧ್ಯಾಹ್ನ ಊಟ ಮಾಡಿ ಮಣೆಗೆ ಕೂತಿದ್ದೆ. ಮೂಡಲ ಕಡೆಯಿಂದ ತಣ್ಣನೆ ಗಾಳಿ ಬಂತು. ಒಣಗಲಿಟ್ಟ ಊದುಬತ್ತಿ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ಹನಿ ಶುರುವಾಯಿತು. ಗುಡುಗಿಲ್ಲ, ಸಿಡಿಲಿಲ್ಲ, ನಿಧಾನವಾಗಿ, ಬಿಡದೆ, ಹಟ ಹಿಡಿದು ಸುರಿಯುವ ಮಳೆ.

ಎಲ್ಲರೂ ಕೆರೆ ಅಂಚಿಗೆ ಓಡಿದೆವು. ಹೊದಿಸಲು ಏನಿದೆ? ಗೋಣಿಚೀಲ, ಚಾಪೆ, ಕಂಬಳಿ, ಮದುವೆ ಸೀರೆ. ಅವ್ವ ಪೆಟ್ಟಿಗೆಯಲ್ಲಿದ್ದ ತನ್ನ ಧಾರೆ ಸೀರೆ ತಂದು ಹೊದಿಸಿ, ಹಾರಿಹೋಗದಂತೆ ಅದರ ಮೇಲೆ ಕವುಚಿ ಮಲಗಿದಳು. ಹಸಿ ಇಟ್ಟಿಗೆ ನೀರು ಕುಡಿದರೆ ಮೊದಲು ಮೂಲೆಗಳು ಜಾರುತ್ತವೆ. ಆಮೇಲೆ ಮೈ ಊದಿಕೊಳ್ಳುತ್ತದೆ. ಆಮೇಲೆ ಕೆಳಗಿನ ಸಾಲು ಕುಸಿದು ಮೇಲಿನದೆಲ್ಲ ಒಟ್ಟಿಗೆ ಕೂರುತ್ತದೆ. ಚಕ್ರಗಳು ಒಂದೊಂದಾಗಿ ಅಳಿಸಿಹೋಗುವುದನ್ನು ನಿಂತು ನೋಡಿದೆವು. ಸಂಜೀವ ಕಾಲೇಜಿನಿಂದ ಬಸ್ಸಿಳಿದು, ಚೀಲವನ್ನು ಎದೆಗೆ ಅವುಚಿಕೊಂಡು ಬಂದು ಏರಿಯ ಮೇಲೆ ನಿಂತ. ಕೆಳಗಿಳಿಯಲಿಲ್ಲ. ಇಳಿದು ಬಾ, ಬೈಗುಳವನ್ನಾದರೂ ತಿನ್ನು ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಆದರೆ ಬೈಯುವವರೂ ಇರಲಿಲ್ಲ. ಉಗ್ರಪ್ಪಣ್ಣ ಕೆಸರಿನಲ್ಲಿ ಕೂತು ಬೀಡಿ ಹಚ್ಚಲು ನೋಡುತ್ತಿದ್ದ, ಕಡ್ಡಿ ಹತ್ತುತ್ತಿರಲಿಲ್ಲ.

ಆ ಮಳೆಗೆ ಊರಿಗೆ ಊರೇ ಹಬ್ಬ ಮಾಡಿತು. ಬರದ ವರ್ಷದಲ್ಲಿ ಬಂದ ಮಳೆ, ಬತ್ತಿದ ಕೆರೆಗೆ ನೀರು. ಊರಿನ ಹೆಂಗಸರು ರೇಷ್ಮೆ ಸೀರೆ ಉಟ್ಟು, ಮೊರದಲ್ಲಿ ಅರಿಶಿನ ಕುಂಕುಮ ಬಳೆ ಇಟ್ಟುಕೊಂಡು, ವಾಲಗ ಊದಿಸಿಕೊಂಡು ಕೆರೆಗೆ ಬಾಗಿನ ಬಿಟ್ಟರು. ಅವರು ನಿಂತ ಮೆಟ್ಟಿಲಿಗೆ ನಮ್ಮ ಇಟ್ಟಿಗೆ ಕರಗಿದ ಕೆಂಪು ನೀರು ಬಂದು ಬಡಿಯುತ್ತಿತ್ತು. ಇಷ್ಟು ಒಳ್ಳೆಯ ಮಳೆಯನ್ನು ಶಪಿಸಿದ ಪಾಪಿಗಳು ನಾವೊಬ್ಬರೇ. ನಮ್ಮ ದನಕ್ಕೂ ಮೇವು ಚಿಗುರುವ ಮಳೆ ಅದು, ಆದರೂ ಶಪಿಸಿದೆವು.

ಬೈರಣ್ಣ ಗೌಡರು ಬಂದು ಕುಸಿದ ಸಾಲು ನೋಡಿ ಲೊಚಗುಟ್ಟಿದರು. ನಿಜವಾಗಿಯೂ ಮರುಗಿದರು. ಹೋಗುವಾಗ ಮಾತ್ರ ನಾಲಿಗೆ ತಡೆಯಲಾಗಲಿಲ್ಲ.

"ಏನ್ ಮೇಷ್ಟ್ರೇ, ಜೋಯಿಸ್ರು ಹಿಂಗಾರು ಚೆನ್ನಾಗೈತೆ ಅಂತ ಯುಗಾದೀಲೇ ಓದಿದ್ರಲ್ಲ. ನಿಮ್ಮ ಸಮುದ್ರದೋರು ಬೇರೆ ಹೇಳಿದ್ರಾ?"

ಹಿಂಗಾರು ಚೆನ್ನಾಗಿದೆ ಎಂದು ಜೋಯಿಸರು ಪ್ರತಿ ಯುಗಾದಿಗೂ ಓದುತ್ತಾರೆ. ಮುಂಗಾರು ಚೆನ್ನಾಗಿದೆ ಎಂದೂ ಅದೇ ಉಸಿರಿನಲ್ಲಿ ಓದಿದ್ದರು. ಅದನ್ನು ಗೌಡರಿಗೆ ನೆನಪಿಸಿದೆ. ಅವರು ನಕ್ಕು ಮೋಟಾರ್ ಸೈಕಲ್ ಒದ್ದರು.

ಅವತ್ತಿನಿಂದ ಬಸ್‌ಸ್ಟಾಪಿನಲ್ಲಿ ಊರಿನ ಹುಡುಗರಿಗೆ ಒಂದು ಆಟ ಸಿಕ್ಕಿತು. ಸಂಜೀವ ಬಂದು ನಿಂತರೆ, "ಏನ್ ಗುರು, ಇವತ್ತು ಸಮುದ್ರ ಬಿಸಿಯೋ ತಣ್ಣಗೋ? ಕೊಡೆ ತಗೊಂಡು ಹೋಗ್ಲಾ ಬೇಡ್ವಾ?" ಅವರದು ಇರಲಿ. ನಮ್ಮವರು ನಗಲಿಲ್ಲ, ಬೈಯಲಿಲ್ಲ. ಮಗಳನ್ನು ಯಾವ ಕಾಲೇಜಿಗೆ ಸೇರಿಸಲಿ ಎಂದು ಕೇಳಲು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಭಾನುವಾರದ ಬುದ್ಧ ವಂದನೆಗೆ ಬರುತ್ತಿದ್ದವರು ಕಡಿಮೆಯಾದರು. ಎದುರಿಗೆ ಸಿಕ್ಕರೆ "ಊಟ ಆಯ್ತಾ ಮೇಷ್ಟ್ರೇ" ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಆ ಮರ್ಯಾದೆಗಿಂತ ಬೈಗುಳ ವಾಸಿ.

ಅವನು ಸುಮ್ಮನೆ ಕೂರಲಿಲ್ಲ. ಯಾರು ಯಾರಿಗೋ ಕಾಗದ ಬರೆದ, ಲೈಬ್ರರಿಗಳಲ್ಲಿ ಕೂತ. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಬಂದು ನನ್ನ ಪಕ್ಕದಲ್ಲಿ ಕೂತ. ದನಿ ಇಳಿದಿತ್ತು.

"ಅಕ್ಕ, ಗೊತ್ತಾಯ್ತು. ಪೆರು ಕಡೆ ಬೆಚ್ಚಗಾದ ವರ್ಷ ನಮ್ಮ ಮುಂಗಾರು ಸೋಲುತ್ತೆ, ನಿಜ. ಆದ್ರೆ ಇಲ್ಲಿ ದಕ್ಷಿಣದಲ್ಲಿ ಹಿಂಗಾರು ಎಷ್ಟೋ ಸಲ ಜಾಸ್ತಿನೇ ಆಗುತ್ತಂತೆ. ಅಟ್ಲಾಂಟಿಕ್ ಲೆಕ್ಕ ಬೇರೆ, ನಮ್ಮ ಕೊಲ್ಲಿ ಲೆಕ್ಕ ಬೇರೆ. ನಾನು ಅಲ್ಲಿಂದು ತಂದು ಇಲ್ಲಿಗೆ ಹಚ್ಚಿದೆ. ಸಮುದ್ರ ಸುಳ್ಳು ಹೇಳಿಲ್ಲ. ನಾನು ತಪ್ಪಾಗಿ ಓದಿದೆ."

"ಹೋಗಿ ಎಲ್ಲರ ಮುಂದೆ ಹೇಳು" ಎಂದೆ.

ಅವನು ಹೇಳಿದ. ಹೊಂಗೆ ಮರದ ಕೆಳಗೆ ನಿಂತು, ತಪ್ಪು ನನ್ನದು ಎಂದು ನೇರವಾಗಿಯೇ ಹೇಳಿದ. ಬಂದಿದ್ದವರು ಬೆರಳೆಣಿಕೆಯಷ್ಟು. ಕಾರಣ ವಿವರಿಸಲು ಹೊರಟಾಗ ಉಗ್ರಪ್ಪಣ್ಣ ಕೈ ಎತ್ತಿ, "ಆಯ್ತು ಬಿಡು ಮೇಷ್ಟ್ರೇ. ಆ ಸಮುದ್ರದ ಸವಾಸ ನಮಗ್ಯಾಕೆ" ಎಂದ. ತಪ್ಪನ್ನು ಒಪ್ಪಿಕೊಳ್ಳಬಾರದು ಎಂದು ನನಗೆ ಗೊತ್ತಾಗಿದ್ದು ಅವತ್ತು. ಜೋಯಿಸರು ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಒಪ್ಪಿಕೊಂಡಿದ್ದರೆ ಅವರ ಪಂಚಾಂಗವನ್ನು ಯಾರು ಕೇಳುತ್ತಿದ್ದರು?

ಯುಗಾದಿ ಬಂತು. ಸಂಜೆ ಅವ್ವ ಹೊಸ್ತಿಲ ಮೇಲೆ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ದೀಪದ ಕಂಬದ ಈಚೆ, ಮೆಟ್ಟಿಲ ಕೆಳಗೆ, ಸೆರಗು ಹೊದ್ದು, ಕೈ ಮುಗಿದು ನಿಂತಿದ್ದಳು. ಪಕ್ಕದಲ್ಲಿ ಉಗ್ರಪ್ಪಣ್ಣ, ಅವರ ಹಿಂದೆ ಕೇರಿಯ ಇನ್ನಷ್ಟು ಮುಖಗಳು. ಅಷ್ಟು ವರ್ಷ ಬಿಟ್ಟಿದ್ದ ಜಾಗವನ್ನು ಯಾರೂ ಹುಡುಕಬೇಕಾಗಿರಲಿಲ್ಲ, ಕಾಲು ತಾನಾಗಿ ಹೋಗಿ ಅಲ್ಲೇ ನಿಂತಿತ್ತು. ಜೋಯಿಸರು ಸಮುದ್ರಕ್ಕೆ ಹತ್ತು ಪಾಲು ಹಂಚುತ್ತಿದ್ದರು.

ಓದು ಮುಗಿದ ಮೇಲೆ ಅವ್ವ ಕೆಳಗಿನಿಂದಲೇ ಕೇಳಿದಳು. "ಸ್ವಾಮಿ, ನಾವು ಮತ್ತೆ ಇಟ್ಟಿಗೆ ಕೊಯ್ಬೇಕು ಅಂತಿದೀವಿ. ಗೂಡಿಗೆ ಬೆಂಕಿ ಇಕ್ಕಾಕೆ ಒಂದು ದಿವ್ಸ ನೋಡಿ ಹೇಳಿ."

"ಯಾತಕ್ಕೆ ಇಟ್ಟಿಗೆ?"

ಅವ್ವ ವಿಹಾರದ ಹೆಸರೆತ್ತಲಿಲ್ಲ. "ಒಂದು ಮನೆಗೆ" ಎಂದಳು.

ಜೋಯಿಸರು ಹಾಳೆ ತಿರುಗಿಸಿದರು. "ಮೇನಲ್ಲಿ ಅಧಿಕ ಜ್ಯೇಷ್ಠ ಬರುತ್ತೆ. ಅದು ಕಳೆಯೋವರೆಗೂ ಏನೂ ಮಾಡ್ಬೇಡಿ. ನಿಜ ಜ್ಯೇಷ್ಠ ಹುಟ್ಟಿದ್ಮೇಲೆ ಹಚ್ಚಿ, ಶುಭವಾಗುತ್ತೆ."

ಮನೆಗೆ ಬರುವ ದಾರಿಯುದ್ದಕ್ಕೂ ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. ಮೆಟ್ಟಿಲ ಕೆಳಗೆ ನಿಲ್ಲಬಾರದು ಎಂದು ಕಟ್ಟುವ ವಿಹಾರಕ್ಕೆ ಮೆಟ್ಟಿಲ ಕೆಳಗೆ ನಿಂತು ದಿನ ಕೇಳಿದೆಯಲ್ಲ, ನಾಚಿಕೆಯಾಗಲಿಲ್ಲವೇ ಎಂದೆ. ಸಂಜೀವ ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಳಗೆ ಹೋಗಿ ದೀಪ ಆರಿಸಿ ಮಲಗಿದ.

ಕೆರೆಯ ನೀರು ಹಿಂದೆ ಸರಿದ ಮೇಲೆ ಏಪ್ರಿಲ್‌ನಲ್ಲಿ ಮತ್ತೆ ಮಣ್ಣು ತುಳಿದೆವು. ಸಂಜೀವನೂ ತುಳಿದ. ಉಗ್ರಪ್ಪಣ್ಣ ಹೊಸ ಅಚ್ಚು ಮಾಡಿಸಿದ್ದ. ಅದರ ತಳ ಬೋಳು. ಚಕ್ರದ ಅಚ್ಚು ಎಲ್ಲಿ ಎಂದು ಕೇಳಿದೆ. "ಅದು ನಮಗೆ ಆಗಿಬರ್ಲಿಲ್ಲ ಕಣವ್ವ" ಎಂದ. ಅದು ಸೌದೆಯ ರಾಶಿಯಲ್ಲಿ ಬಿದ್ದಿತ್ತು. ತೆಗೆದುಕೊಂಡು ಬಂದು ನನ್ನ ಮಣೆಯ ಕೆಳಗೆ ಇಟ್ಟುಕೊಂಡೆ, ಈಗಲೂ ಇದೆ.

ಮೇ ನಡುವಿನ ಹೊತ್ತಿಗೆ ಇಟ್ಟಿಗೆ ಒಣಗಿ ಗಣಗಣ ಎನ್ನುತ್ತಿತ್ತು. ಕೆರೆಯ ಅಂಚಿನಲ್ಲೇ ಗೂಡು ಕಟ್ಟಿ, ಸೌದೆ ತುಂಬಿ ಆಗಿತ್ತು. ಅಷ್ಟರಲ್ಲಿ ಅಧಿಕ ಮಾಸ ಹುಟ್ಟಿತು. ಉಗ್ರಪ್ಪಣ್ಣ ಗೂಡಿಗೆ ಹುಲ್ಲು ಹೊದಿಸಿ ಕಾಯುತ್ತಾ ಕೂತ. ಆಗಲೇ ಸಂಜೀವ ಕಾಲೇಜಿನಿಂದ ಓಡಿಬಂದದ್ದು.

"ಅಕ್ಕ, ಪೆರು ಕಡೆ ಸಮುದ್ರ ತಣ್ಣಗಾಗ್ತಿದೆಯಂತೆ. ತುಂಬಾ ಬೇಗ ತಿರುಗಿದೆ. ಹಿಂಗಾದ ವರ್ಷ ನಮ್ಮ ಮುಂಗಾರು ಸಾಮಾನ್ಯವಾಗಿ ಜೋರಾಗಿರುತ್ತೆ. ಈ ಸಲ ಅಟ್ಲಾಂಟಿಕ್‌ದು ಇಲ್ಲಿಗೆ ತಂದಿಲ್ಲ, ಇದು ನಮ್ಮ ದೇಶದ್ದೇ ದಾಖಲೆ. ಖಂಡಿತ ಅಂತ ಹೇಳಲ್ಲ, ಆದ್ರೆ ಕಾಯೋದು ಬೇಡ. ಇವತ್ತೇ ಹಚ್ಚಿಬಿಡ್ಲಿ."

ನಾನೂ ಅವನ ಜೊತೆ ಹೋದೆ. ಗೂಡಿನ ಹತ್ತಿರ ನಿಂತು ಅವನು ಉಗ್ರಪ್ಪಣ್ಣನ ಕೈ ಹಿಡಿದುಕೊಂಡು ಬೇಡಿದ. ಕ್ಲಾಸಿನ ನಿಲುವು ಎಲ್ಲಿ ಹೋಗಿತ್ತೋ.

"ಹೋದ್ಸಲನೂ ಹಿಂಗೇ ಹೇಳ್ದೆ ಮಗಾ" ಎಂದು ಉಗ್ರಪ್ಪಣ್ಣ ಮೆಲ್ಲಗೆ ಕೈ ಬಿಡಿಸಿಕೊಂಡ.

"ಹೋದ್ಸಲ ಬರಲ್ಲ ಅಂದಿದ್ದೆ. ಈ ಸಲ ಬರುತ್ತೆ ಅಂತಿದೀನಿ. ಹಚ್ಚಿದ್ರೆ ಏನು ನಷ್ಟ ಹೇಳು? ಮಳೆ ಬರದಿದ್ರೂ ಇಟ್ಟಿಗೆ ಸುಡುತ್ತೆ ತಾನೇ?"

ಉಗ್ರಪ್ಪಣ್ಣ ಅಲ್ಲೇ ಕೂತಿದ್ದ ಅವ್ವನ ಕಡೆ ನೋಡಿದ. ದಿನ ಕೇಳಿಕೊಂಡು ಬಂದವಳು ಅವಳು.

"ದೊಡ್ಡೋರು ಬೇಡ ಅಂದವ್ರೆ" ಎಂದಳು ಅವ್ವ. "ಅಧಿಕ ಕಳೀಲಿ."

ನಾನು ಬೆಂಕಿಪೊಟ್ಟಣ ಕೈಗೆ ತಗೊಂಡು ಗೂಡಿನ ಬಾಯಿಯ ಕಡೆ ನಡೆದೆ. ಕೇರಿಯ ಗಂಡಸರು ಅಡ್ಡ ನಿಂತರು. ನನ್ನ ಬಾಯಿಗೆ ಹೆದರುವವರು ನನ್ನ ಕೈಗೆ ಹೆದರಲಿಲ್ಲ.

ಜೂನ್ ಹುಟ್ಟಿದ ಕೆಲವೇ ದಿನಕ್ಕೆ ಮುಂಗಾರು ಬಂತು. ಅಧಿಕ ಮಾಸ ಇನ್ನೂ ಇತ್ತು. ಉಗ್ರಪ್ಪಣ್ಣನ ಹುಲ್ಲು ಮೇಲಿನ ನೀರನ್ನು ತಡೆಯಿತು. ಕೆಳಗಿನಿಂದ ಬಂದದ್ದು ಕೆರೆ. ಮೊದಲೇ ಅರ್ಧ ತುಂಬಿದ್ದ ಕೆರೆ, ಹೊಸ ಲೇಔಟಿನ ರಸ್ತೆಗಳ ನೀರೆಲ್ಲ ಅದಕ್ಕೇ ನುಗ್ಗಿ ಅಂಚು ದಾಟಿತು. ಗೂಡಿನ ಬುಡ ನೆನೆಯಿತು, ಒಂದು ಪಕ್ಕ ಬಾಗಿತು, ಆಮೇಲೆ ಇಡೀ ಗೂಡು ಉಸಿರು ಬಿಟ್ಟ ಹಾಗೆ ಕೂತುಬಿಟ್ಟಿತು. ಈ ಸಲ ಅಳಿಸಿಹೋಗಲು ಅದರ ಮೇಲೆ ಚಕ್ರವೂ ಇರಲಿಲ್ಲ.

ಈ ಸಲ ಸಂಜೀವ ಏರಿಯ ಮೇಲೆ ನಿಲ್ಲಲಿಲ್ಲ. ಎಲ್ಲರಿಗಿಂತ ಮುಂಚೆ ಇಳಿದು, ತೊಡೆಮಟ್ಟ ನೀರಿನಲ್ಲಿ ನಿಂತು, ಕೈಗೆ ಸಿಕ್ಕ ಇಟ್ಟಿಗೆಗಳನ್ನು ದಡಕ್ಕೆ ಎಸೆಯುತ್ತಿದ್ದ. ಅವು ಅವನ ಕೈಯಲ್ಲೇ ಮುದ್ದೆಯಾಗುತ್ತಿದ್ದವು. ಕೊನೆಗೆ ನಾನೇ ರಟ್ಟೆ ಹಿಡಿದು ಮೇಲಕ್ಕೆ ಎಳೆದು ತಂದೆ. ದಡದಲ್ಲಿ ಕೇರಿಯವರೆಲ್ಲ ಸಾಲಾಗಿ ಕೂತಿದ್ದರು. ನಾನು ಸುಮ್ಮನಿರಲಿಲ್ಲ.

"ಈಗ ಹೋಗಿ ಕೇಳ್ರಿ ನಿಮ್ಮ ಜೋಯಿಸರನ್ನ. ಶುಭವಾಗುತ್ತೆ ಅಂದ್ರಲ್ಲ, ಇದೇನಾ ಶುಭ ಅಂತ ಕೇಳ್ರಿ. ಯಾರು ಬರ್ತೀರಾ? ನಾನು ಮುಂದೆ ಹೋಗ್ತೀನಿ."

ಯಾರೂ ಏಳಲಿಲ್ಲ. ಉಗ್ರಪ್ಪಣ್ಣ ನೆಲ ನೋಡುತ್ತಿದ್ದ. ಅವ್ವ ಸೆರಗಿನಿಂದ ಸಂಜೀವನ ತಲೆ ಒರೆಸುತ್ತಾ, ಸಮಾಧಾನದ ದನಿಯಲ್ಲಿ ಹೇಳಿದಳು.

"ಸುಮ್ನಿರು ರುದ್ರಿ. ಜೋಯಿಸ್ರು ಏನು ಮಾಡ್ತಾರೆ ಪಾಪ. ಮಳೆ ಅಲ್ವಾ, ಅದು ಯಾರ ಕೈಲೈತೆ?"

ಸುತ್ತ ಕೂತಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಸಂಜೀವ ಅವ್ವನ ಸೆರಗಿನ ಕೆಳಗಿನಿಂದ ತಲೆ ಎತ್ತಿ ನನ್ನನ್ನು ನೋಡಿದ. ನವೆಂಬರ್‌ನಿಂದ ಜೂನ್‌ವರೆಗೆ ಆ ಒಂದು ಮಾತಿಗಾಗಿ ಅವನು ಕಾದಿದ್ದ. ಕೇರಿಯಲ್ಲಿ ಯಾರಾದರೂ ಒಬ್ಬರು, ಕೊನೆಗೆ ಹೆತ್ತ ತಾಯಿಯಾದರೂ, ಅದನ್ನು ಅವನಿಗೆ ಹೇಳಬಹುದಾಗಿತ್ತು.